ಜೋಡಿಯಿಲ್ಲದ ಲೋಟ

ನದಿ ಸೊಂಟ ತಿರುಗಿಸುವ ಜಾಗದಲ್ಲಿ ಒಂದು ಊರಿತ್ತು. ಆ ಊರಲ್ಲಿ ಒಂಟಿ ವಸ್ತು ಇರುವಂತಿರಲಿಲ್ಲ. ಮಡಕೆ ಇದ್ದರೆ ಅಂಥದ್ದೇ ಇನ್ನೊಂದು ಮಡಕೆ, ದೀಪ ಇದ್ದರೆ ಅಂಥದ್ದೇ ಇನ್ನೊಂದು ದೀಪ. ಮೊರ, ಬಾಚಣಿಗೆ, ಬಾಗಿಲ ಚಿಲಕ, ಎಲ್ಲಕ್ಕೂ ಜೋಡಿ ಬೇಕು. ಜೋಡಿಯಿಲ್ಲದ ವಸ್ತು ತನ್ನ ಜೋಡಿಯನ್ನು ಕರೆಯುತ್ತದೆ, ಕರೆದು ಕರೆದು ಸಿಗದಿದ್ದರೆ ಮನೆಯಲ್ಲಿ ಒಬ್ಬರನ್ನು ಒಂಟಿ ಮಾಡಿಬಿಡುತ್ತದೆ ಎಂದು ಊರು ನಂಬಿತ್ತು. ಮೊದಲು ಯಾರು ಹೇಳಿದರೋ ಯಾರಿಗೂ ಗೊತ್ತಿರಲಿಲ್ಲ. ನಂಬದವರು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಮಾವಾಸ್ಯೆ ಕಳೆದ ಬೆಳಿಗ್ಗೆ ಮನೆಮನೆಯವರೂ ತಮ್ಮ ಸಾಮಾನನ್ನು ಜಗಲಿಯ ಮೇಲೆ ಸಾಲಾಗಿ ಇಡುತ್ತಿದ್ದರು. ಕೋಲಿನವನು ಬೀದಿಯಲ್ಲಿ ಕೋಲು ಕುಟ್ಟುತ್ತಾ ಬರುತ್ತಿದ್ದ. ಪ್ರತಿ ಬಾಗಿಲಲ್ಲೂ ನಿಂತು "ಒಂಟಿಯೋ, ಜೋಡಿಯೋ?" ಎನ್ನುತ್ತಿದ್ದ. ಮನೆಯವರು "ಜೋಡಿ" ಎನ್ನುತ್ತಿದ್ದರು. ಅವನು ಮುಂದೆ ಹೋಗುತ್ತಿದ್ದ. ಅವನು ಅಷ್ಟೇನೂ ಕಣ್ಣಿಟ್ಟು ನೋಡುತ್ತಿರಲಿಲ್ಲ. ನೋಡುತ್ತಿದ್ದವರು ಪಕ್ಕದ ಮನೆಯವರು.

ಯಾರಾದರೂ ಹೊಸದೊಂದನ್ನು ಕಂಡುಹಿಡಿದರೆ ಅದನ್ನು ನದಿಯಂಚಿನ ಎರಕದ ಮನೆಗೆ ಒಯ್ಯಬೇಕಿತ್ತು. ಅಲ್ಲಿ ಆ ವಸ್ತುವನ್ನು ಅಚ್ಚಿಗೆ ಒಗ್ಗಿಸುತ್ತಿದ್ದರು. ಅಚ್ಚಿಗೆ ಒಗ್ಗಿದರೆ ಲೋಹ ಸುರಿದು ರಾಶಿರಾಶಿಯಾಗಿ ತೆಗೆಯುತ್ತಿದ್ದರು. ಒಗ್ಗದಿದ್ದರೆ ಒಡೆಯುತ್ತಿದ್ದರು. ಒಗ್ಗಿದರೂ ಮೊದಲನೆಯದನ್ನು ಒಡೆಯಲೇಬೇಕಿತ್ತು, ಏಕೆಂದರೆ ಆಮೇಲೆ ಹುಟ್ಟಿದ ಯಾವುದೂ ಮೊದಲನೆಯದರ ಹಾಗೆ ಇರುತ್ತಿರಲಿಲ್ಲ, ಅದು ಒಂಟಿಯಾಗಿಯೇ ಉಳಿಯುತ್ತಿತ್ತು.

ಆ ಊರಲ್ಲಿ ಒಬ್ಬ ದೋಣಿಯವನಿದ್ದ. ಅವನ ಹೆಂಡತಿ ಬಲೆ ಹೆಣೆಯುವವಳು. ಅವನ ದೋಣಿಗೂ ಜೋಡಿ ದೋಣಿ ಇತ್ತು, ಅದನ್ನು ಇನ್ನೊಬ್ಬ ನಡೆಸುತ್ತಿದ್ದ. ಆಚೆ ದಡಕ್ಕೆ ಹೋಗುವವರು ಯಾವುದನ್ನು ಬೇಕಾದರೂ ಹತ್ತಬಹುದಿತ್ತು.

ಒಂದು ಬೇಸಿಗೆಯಲ್ಲಿ ದೋಣಿಯವನ ಕೈ ನಡುಗತೊಡಗಿತು. ಹುಟ್ಟು ಹಿಡಿದಾಗ ನಡುಗುತ್ತಿರಲಿಲ್ಲ. ಲೋಟ ಎತ್ತಿದಾಗ ನಡುಗುತ್ತಿತ್ತು. ತುಟಿಗೆ ತಲುಪುವ ಹೊತ್ತಿಗೆ ಅರ್ಧ ನೀರು ಎದೆಯ ಮೇಲಿರುತ್ತಿತ್ತು. ಅವನು ಮಂದಿಯ ಮುಂದೆ ನೀರು ಕುಡಿಯುವುದನ್ನೇ ಬಿಟ್ಟ. ದಿನವಿಡೀ ನದಿಯ ಮೇಲಿದ್ದು ಬಾಯಾರಿ ಮನೆಗೆ ಬರುತ್ತಿದ್ದ.

"ಗೊತ್ತಾದರೆ ನನ್ನ ದೋಣಿ ಯಾರು ಹತ್ತುತ್ತಾರೆ?" ಎಂದ.

"ಯಾರಿಗೂ ಗೊತ್ತಾಗಲ್ಲ ಬಿಡಿ" ಎಂದಳು ಬಲೆಯವಳು. ಹೇಳಿ, ಹಿತ್ತಿಲ ಬಾಗಿಲು ಹಾಕಿ ಬಂದಳು.

ಅವಳು ಅವನ ಕೈಯನ್ನೇ ನೋಡುತ್ತಾ ಕೂತಳು. ಹುಟ್ಟು ಭಾರ, ಲೋಟ ಹಗುರ. ಭಾರವಾದದ್ದು ಹಿಡಿದಾಗ ಕೈ ಸುಮ್ಮನಾಗುತ್ತದೆ, ಹಗುರವಾದದ್ದು ಹಿಡಿದಾಗ ಕೈಗೆ ಹುಚ್ಚು ಹಿಡಿಯುತ್ತದೆ. ಇದನ್ನು ಕಂಡುಕೊಂಡ ಮೇಲೆ ಅವಳು ದೊಡ್ಡದೊಂದು ತೆಂಗಿನ ಕರಟ ತಂದಳು. ಅದರ ಬಾಯಿಯನ್ನು ಕಿರಿದಾಗಿ ಉಳಿಸಿದಳು, ನೀರು ಅಲುಗಿದರೆ ಅಂಚಿಗೆ ಬಡಿದು ಒಳಗೇ ಬೀಳಲಿ ಎಂದು. ತಳಕ್ಕೆ ಮೇಣ ಮೆತ್ತಿ ಅದರಲ್ಲಿ ನದಿಯ ಗುಂಡುಕಲ್ಲು ಹುದುಗಿಸಿದಳು, ಭಾರ ಬರಲಿ ಎಂದು. ಎರಡು ಬದಿಗೂ ಬಲೆಯ ಹುರಿಯಿಂದ ಕಿವಿ ಹೆಣೆದಳು, ಎರಡು ಕೈಯಲ್ಲೂ ಹಿಡಿಯಲಿ ಎಂದು. ಅವನನ್ನು ಹಿತ್ತಿಲಲ್ಲಿ ಕೂರಿಸಿ, ಬೆರಳನ್ನು ಕಿವಿಯೊಳಗಿಟ್ಟು ಹುರಿ ಬಿಗಿದಳು.

ಅವನು ಕುಡಿದ. ಒಂದು ಹನಿಯೂ ಚೆಲ್ಲಲಿಲ್ಲ. ಕುಡಿದು ಮುಗಿಸಿ, ಖಾಲಿ ಕರಟವನ್ನು ಮತ್ತೆ ತುಟಿಗೆ ಹಚ್ಚಿಕೊಂಡು ಸುಮ್ಮನೆ ಕೂತ.

ಬಲೆಯವಳು ಅದನ್ನು ಹಳೆ ಬಲೆಗಳ ರಾಶಿಯಡಿ ಬಚ್ಚಿಟ್ಟಳು. ಆದರೆ ಪಕ್ಕದ ಮನೆಯ ಬಣ್ಣದವಳು, ಬಟ್ಟೆಗೆ ನೀಲಿ ಅದ್ದುವವಳು, ಗೋಡೆಯಾಚೆ ನಿಂತು ನೋಡಿದ್ದಳು. ಬಲೆಯವಳು ತಲೆ ಎತ್ತಿದಾಗ ಬಣ್ಣದವಳ ಕಣ್ಣು ಮಾತ್ರ ಗೋಡೆಯ ಮೇಲೆ ಕಾಣುತ್ತಿತ್ತು. ಕೈ ಕಾಣುತ್ತಿರಲಿಲ್ಲ. ಇತ್ತೀಚೆಗೆ ಅವಳು ಯಾವಾಗಲೂ ಕೈಯನ್ನು ಸೆರಗೊಳಗೆ ಇಟ್ಟುಕೊಂಡಿರುತ್ತಿದ್ದಳು.

"ಏನಕ್ಕಾ ಅದು?" ಎಂದಳು ಬಣ್ಣದವಳು.

"ಏನೂ ಇಲ್ಲ."

"ಅದರ ಜೋಡಿ ಎಲ್ಲಿದೆ?"

ಬಲೆಯವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಮಾವಾಸ್ಯೆಗೆ ಇನ್ನೂ ದೂರವಿತ್ತು. ಆದರೂ ಮರುದಿನ ಬೆಳಿಗ್ಗೆಯೇ ಕೋಲಿನವನು ಬಾಗಿಲಿಗೆ ಬಂದ. ನೆಟ್ಟಗೆ ಬಲೆಗಳ ರಾಶಿಯ ಬಳಿ ಹೋಗಿ ಕೋಲಿನ ತುದಿಯಿಂದ ಬಲೆ ಸರಿಸಿದ.

"ಒಂಟಿಯೋ, ಜೋಡಿಯೋ?"

ಸುಳ್ಳು ಹೇಳಿ ಫಲವಿರಲಿಲ್ಲ. "ಒಂಟಿ" ಎಂದಳು.

"ಈಗಲೇ ಒಡೀತೀಯೋ, ಎರಕದ ಮನೆಗೆ ತರ್ತೀಯೋ?"

ಅವಳು ಕರಟವನ್ನು ಸೆರಗಲ್ಲಿ ಸುತ್ತಿಕೊಂಡು ಹೊರಟಳು. ದಾರಿಯಲ್ಲಿ ಒಂದೇ ಮಾತು ಮನಸ್ಸಲ್ಲಿ ಗಟ್ಟಿ ಮಾಡಿಕೊಂಡಳು. ಏನು ಕೇಳಿದರೂ ಹೇಳುತ್ತೇನೆ, ಯಾತಕ್ಕೆ ಎಂದು ಮಾತ್ರ ಹೇಳುವುದಿಲ್ಲ. ಯಾತಕ್ಕೆ ಎಂದು ಹೇಳಿದರೆ ಯಾರಿಗೆ ಎಂದು ತಿಳಿಯುತ್ತದೆ. ಯಾರಿಗೆ ಎಂದು ತಿಳಿದರೆ ದೋಣಿ ಖಾಲಿಯಾಗುತ್ತದೆ.

ಎರಕದ ಮನೆಯಲ್ಲಿ ಇಬ್ಬರಿದ್ದರು. ಅಳತೆಯವಳು ಬಾಗಿಲ ಬಳಿ ಕೂತು ಬಂದ ವಸ್ತುವನ್ನು ಅಳೆಯುತ್ತಿದ್ದಳು. ಎರಕದ ಯಜಮಾನ ಒಲೆಯ ಬಳಿ ನಿಂತು ಅಚ್ಚು ಕಟ್ಟುತ್ತಿದ್ದ. ಒಳಗೆ ಬಿಸಿಗೆ ಎಲ್ಲರ ಮುಖವೂ ಕೆಂಪಾಗಿ, ಎಲ್ಲರೂ ಏನೋ ಮುಚ್ಚಿಡುವವರಂತೆ ಕಾಣುತ್ತಿದ್ದರು.

"ಯಾತಕ್ಕಮ್ಮ ಇದು?" ಎಂದಳು ಅಳತೆಯವಳು.

"ಕುಡಿಯೋಕೆ."

"ಕುಡಿಯೋಕೆ ಇಷ್ಟು ಭಾರ ಯಾಕೆ?"

"ನನಗೆ ಹಾಗೇ ಇಷ್ಟ."

"ಬಾಯಿ ಯಾಕೆ ಒಳಕ್ಕೆ ಬಾಗಿದೆ?"

"ಕರಟ ಇರೋದೇ ಹಾಗೆ."

ಅಳತೆಯವಳು ಯಜಮಾನನ ಮುಖ ನೋಡಿದಳು. ಯಜಮಾನ ಕರಟವನ್ನು ತೂಗಿ ನೋಡಿದ. ತಳದ ಮೇಣವನ್ನು ಉಗುರಿಂದ ಕೆರೆದು ಒಂದು ಕಲ್ಲು ಎಬ್ಬಿಸಿದ, ಮೂಸಿದ, ಬೆಳಕಿಗೆ ಹಿಡಿದ. "ತಳದಲ್ಲಿ ಏನಾದರೂ ಅಡಗಿಸಿ ಸಾಗಿಸೋಕೆ ಮಾಡಿದ್ದೋ?" ಎಂದ. ನಗುತ್ತಿರಲಿಲ್ಲ.

"ಕಲ್ಲು ಅಡಗಿಸೋಕೆ ಯಾರಾದರೂ ಲೋಟ ಮಾಡ್ತಾರೇನ್ರಿ?" ಎಂದಳು ಬಲೆಯವಳು.

"ಕುಡಿಯೋಕೆ ಯಾರಾದರೂ ಕಲ್ಲು ತುಂಬ್ತಾರಾ?"

ಆಮೇಲೆ ಯಜಮಾನ ತನ್ನ ಕೆಲಸದ ಮಾತಿಗೆ ಬಂದ. "ನೋಡಮ್ಮಾ, ಲೋಟದ ಹೊಟ್ಟೆ ಟೊಳ್ಳಾಗಬೇಕಾದರೆ ಅಚ್ಚಿನ ನಡುವೆ ಒಂದು ದಿಂಡು ನಿಲ್ಲಿಸ್ತೀವಿ. ಕಂಚು ಆರಿದ ಮೇಲೆ ಆ ದಿಂಡನ್ನ ಮೇಲಕ್ಕೆ ಎಳೀಬೇಕು. ನಿನ್ನ ಲೋಟದ ಬಾಯಿ ಹೊಟ್ಟೆಗಿಂತ ಕಿರಿದು. ದಿಂಡು ಒಳಗೇ ಸಿಕ್ಕಿಕೊಳ್ಳುತ್ತೆ. ಅದಕ್ಕೆ ಬಾಯಿ ಅಗಲ ಆಗಬೇಕು. ತಳ ಇಷ್ಟು ದಪ್ಪ ಇದ್ದರೆ ಆರುವಾಗ ಒಳಗೆ ತೂತು ಬೀಳುತ್ತೆ. ಅದಕ್ಕೆ ತಳ ತೆಳ್ಳಗಾಗಬೇಕು. ಹುರಿಯ ಕಿವಿ ಎರಕಕ್ಕೆ ಬರಲ್ಲ. ಅದು ಬೇಡ."

"ಮತ್ತೆ ಉಳಿಯೋದು ಏನು?"

"ಲೋಟ" ಎಂದ ಯಜಮಾನ.

ಅವಳು ಬಾಯಿ ತೆರೆದಳು. ಯಾತಕ್ಕೆ ಎಂದು ಹೇಳಬೇಕಾಗುತ್ತದಲ್ಲ ಎಂದು ಮುಚ್ಚಿದಳು.

ಕರಟವನ್ನು ಎರಕದ ಮನೆಯಲ್ಲೇ ಬಿಟ್ಟು, ಕೆಲವು ದಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ಕಾದಳು. ಒಳಗೆ ಸುತ್ತಿಗೆ ಬೀಳುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗಲೆಲ್ಲ ಪಿಸುಮಾತು. ಒಂದು ಸಂಜೆ ಅಳತೆಯವಳೂ ಬಣ್ಣದವಳೂ ನದಿಯ ಮೆಟ್ಟಿಲಲ್ಲಿ ನಿಂತು ಮಾತಾಡುವುದನ್ನು ಕಂಡಳು. ಇವಳನ್ನು ಕಂಡೊಡನೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಬಲೆಯವಳಿಗೆ ಎಲ್ಲ ಅರ್ಥವಾದಂತಾಯಿತು. ಬಣ್ಣದವಳು ಹೇಳಿಕೊಟ್ಟಿದ್ದಾಳೆ, ಇವರು ಬೇಕೆಂದೇ ಕೆಡಿಸುತ್ತಿದ್ದಾರೆ. ದೋಣಿ ಕೈತಪ್ಪಲಿ ಎಂದು ಕಾಯುತ್ತಿದ್ದಾರೆ.

ಪರೀಕ್ಷೆಗೆಂದು ತೆಗೆದ ಮೊದಲ ಕಂಚಿನ ಲೋಟವನ್ನು ಯಜಮಾನ ಅವಳ ಕೈಗೆ ಕೊಟ್ಟ. ಅದರ ಜೊತೆ ಅಂಥದ್ದೇ ಇನ್ನೊಂದನ್ನೂ ಕೊಟ್ಟ, ಒಂಟಿ ಲೋಟ ಬೀದಿಯಲ್ಲಿ ಹೋಗಬಾರದಲ್ಲ. ನೆಟ್ಟಗಿನ ಬಾಯಿ, ತೆಳ್ಳಗಿನ ತಳ, ಫಳಫಳ ಹೊಳಪು. ಎಲ್ಲರ ಮನೆಯ ಲೋಟದ ಹಾಗೇ ಇತ್ತು.

ಮನೆಯಲ್ಲಿ ದೋಣಿಯವನು ಬಿಸಿ ಗಂಜಿ ತುಂಬಿಸಿಕೊಂಡು ಎತ್ತಿದ. ಗಂಜಿ ಎದೆಯ ಮೇಲೆ ಹರಿಯಿತು. ಅವನು ಕೂಗಲಿಲ್ಲ. ಕೂಗಿದರೆ ಗೋಡೆಯಾಚೆ ಕೇಳುತ್ತದೆ. ಹಲ್ಲು ಕಚ್ಚಿಕೊಂಡು ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟ. ಸುಟ್ಟ ಚರ್ಮಕ್ಕೆ ಬೆಣ್ಣೆ ಹಚ್ಚುತ್ತಾ ಬಲೆಯವಳು ಅತ್ತಳು.

"ಒಡೆದುಬಿಡೋಣ ಆ ಕರಟಾನ" ಎಂದ ಅವನು. "ನನಗೆ ಬೇಡ. ಇದರ ಹಿಂದೆ ಬಿದ್ದು ನೀನು ಎಲ್ಲರನ್ನೂ ಕಳ್ಳರ ಥರ ನೋಡ್ತಿದ್ದೀಯ. ಮೊನ್ನೆ ನನ್ನನ್ನೂ ಕೇಳಿದೆ, ಯಾರಿಗಾದರೂ ಹೇಳಿದ್ರಾ ಅಂತ."

ಅವಳು ಬೆಣ್ಣೆಯ ಬಟ್ಟಲು ಎತ್ತಿಟ್ಟಳು. ಕೇಳಿದ್ದು ನಿಜವಾಗಿತ್ತು.

ಮರುದಿನ ಮಧ್ಯಾಹ್ನ, ಒಲೆ ಆರಿಸಿ ಎಲ್ಲರೂ ಊಟಕ್ಕೆ ಹೋಗುವ ಹೊತ್ತಿಗೆ, ಅವಳು ಎರಕದ ಮನೆಗೆ ನುಗ್ಗಿದಳು. ಕರಟವನ್ನು ಕದ್ದು ತಂದು ನದಿಯಾಚೆ ಎಲ್ಲಾದರೂ ಹುಗಿದಿಡಬೇಕು ಎಂದಿತ್ತು ಅವಳ ಮನಸ್ಸಿನಲ್ಲಿ. ಆದರೆ ಒಳಗೆ ಅಳತೆಯವಳು ಇದ್ದಳು. ಕರಟದ ತುಂಬ ನೀರು ತುಂಬಿಕೊಂಡು, ಎರಡು ಕಿವಿಗೂ ಬೆರಳು ತೂರಿಸಿ, ತನ್ನ ಗಟ್ಟಿ ಕೈಯನ್ನು ಬೇಕೆಂದೇ ನಡುಗಿಸುತ್ತಿದ್ದಳು. ನಡುಗಿಸುತ್ತಾ ಎತ್ತಿದಳು, ಕುಡಿದಳು. ಕೆಳಗೆ ಹಾಸಿದ ಒಣಬಟ್ಟೆಯನ್ನು ಮುಟ್ಟಿ ನೋಡಿದಳು. ಮತ್ತೆ ತುಂಬಿದಳು. ಈಗ ಅಲ್ಲಿದ್ದ ಇನ್ನೊಂದು ಜೋಡಿ ಕಂಚಿನ ಲೋಟದಲ್ಲಿ ಒಂದನ್ನು ಎತ್ತಿ ಹಾಗೇ ನಡುಗಿಸಿದಳು. ಬಟ್ಟೆ ತೊಯ್ದುಹೋಯಿತು.

ಬಲೆಯವಳ ಕಾಲ ಸದ್ದಿಗೆ ಅಳತೆಯವಳು ತಿರುಗಿದಳು.

"ಇದು ಕೈ ನಡುಗೋರಿಗೆ ಮಾಡಿದ್ದು, ಅಲ್ವಾ?"

ಬಲೆಯವಳು ಒಂದು ಹೆಜ್ಜೆ ಹಿಂದೆ ಸರಿದಳು. "ಬಣ್ಣದವಳು ಹೇಳಿದಳಾ?"

"ಅವಳು ನನ್ನ ಹತ್ತಿರ ಕೇಳಿದ್ದು ಒಂದೇ. ಆ ಲೋಟ ಯಾವಾಗ ಸಿಗುತ್ತೆ ಅಂತ. ನನಗೂ ಅನುಮಾನ ಬಂತು, ಬರೀ ಲೋಟಕ್ಕೆ ಇಷ್ಟು ಆಸೆ ಯಾಕೆ ಅಂತ. ಅದಕ್ಕೇ ಪ್ರಯತ್ನ ಮಾಡಿ ನೋಡ್ತಿದ್ದೆ."

"ಸುಳ್ಳು."

"ಸುಳ್ಳಾದರೆ ಸುಳ್ಳು. ಯಾರಿಗೆ ಅಂತ ನಾನು ಕೇಳಲ್ಲ. ಆದರೆ ನಾಳೆ ಯಜಮಾನ್ರು ಅಚ್ಚು ಸುಡ್ತಾರೆ. ಸುಟ್ಟ ಮೇಲೆ ತಿದ್ದೋಕಾಗಲ್ಲ. ಈ ನೆಟ್ಟಗಿನ ಬಾಯಿಯ ಲೋಟಾನೇ ರಾಶಿ ರಾಶಿ ಬರುತ್ತೆ. ಅದು ಬಂದ ದಿನ ಈ ಕರಟ ಒಡೀಬೇಕು. ಹೇಳೋದಿದ್ದರೆ ಈಗಲೇ ಹೇಳು."

ಬಲೆಯವಳು ನಿಂತೇ ಇದ್ದಳು. ಇದು ಬಲೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಬಲೆ ಹೆಣೆಯುವವಳಿಗೆ ಬಲೆಯ ಗುರುತು ಇಲ್ಲವೇ? ಮೊದಲು ಒಂದು ಮೃದುವಾದ ಮಾತು, ಆಮೇಲೆ ಎಳೆಯುವ ಹುರಿ. ಆದರೆ ಗಂಡನ ಎದೆಯ ಮೇಲಿನ ಬೊಬ್ಬೆ ಕಣ್ಣಮುಂದೆ ಬಂತು. ಯಜಮಾನ ಊಟ ಮುಗಿಸಿ ಬರುವವರೆಗೂ ಅವಳು ಹಾಗೇ ನಿಂತಿದ್ದು, ಅವನು ಬಂದ ಮೇಲೆ ಹೇಳಿದಳು.

"ಕೈ ನಡುಗೋರು ಕುಡಿಯೋ ಲೋಟ ಇದು. ಬಾಯಿ ಒಳಕ್ಕೆ ಬಾಗಿರೋದು ಚೆಲ್ಲದಿರಲಿ ಅಂತ. ತಳ ಭಾರ ಇರೋದು ಕೈ ಸುಮ್ಮನಾಗಲಿ ಅಂತ. ಕಿವಿ ಎರಡು ಇರೋದು ಎರಡು ಕೈ ಬೇಕು ಅಂತ. ಇದರಲ್ಲಿ ಒಂದು ತೆಗೆದರೂ ಇದು ಲೋಟ ಅಲ್ಲ. ಯಾರಿಗೆ ಅಂತ ಕೇಳಬೇಡಿ."

ಯಜಮಾನ ತುಂಬ ಹೊತ್ತು ಅವಳ ಕೈಗಳನ್ನೇ ನೋಡಿದ. ಅವು ನಡುಗುತ್ತಿರಲಿಲ್ಲ. ಆಮೇಲೆ ಅವನು ಕಟ್ಟಿಟ್ಟಿದ್ದ ಅಚ್ಚನ್ನು ಎತ್ತಿ ಮೂಲೆಗೆ ಎಸೆದ. ಅದು ಪುಡಿಯಾಯಿತು.

ಅಂದಿನಿಂದ ಅವಳನ್ನು ಒಳಗೆ ಕೂರಿಸಿಕೊಂಡರು. ಬಾಯಿಯನ್ನು ಹೊಟ್ಟೆಯ ಜೊತೆ ಎರಕ ಹೊಯ್ಯುವ ಬದಲು, ಒಳಕ್ಕೆ ಬಾಗಿದ ಬಳೆಯೊಂದನ್ನು ಬೇರೆಯಾಗಿ ಹೊಯ್ದು ಆಮೇಲೆ ಬೆಸೆಯುವುದು ಎಂದ ಯಜಮಾನ. ತಳವನ್ನು ಟೊಳ್ಳು ಬಿಟ್ಟು, ಕಲ್ಲು ತುಂಬಿ, ತಗಡಿನಿಂದ ಮುಚ್ಚುವುದು ಎಂದಳು ಅಳತೆಯವಳು. ಕಿವಿಯನ್ನು ಕಂಚಿನಲ್ಲೇ ತೆಗೆಯುವುದು ಎಂದಾಗ ಜಗಳ ಬಂತು.

"ಕಿವಿ ಇಷ್ಟು ಅಗಲ ಬೇಡ" ಎಂದಳು ಬಲೆಯವಳು. "ಬೆರಳು ಅಲ್ಲಾಡುತ್ತೆ."

"ಯಾರ ಬೆರಳು?"

ಅವಳು ಕರಟವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಒಬ್ಬರ ಬೆರಳಿಗೆ ಹೆಣೆದದ್ದು ನೀನು" ಎಂದ ಯಜಮಾನ. "ನಾನು ಮುಖ ಕಾಣದವರಿಗೆ ಮಾಡಬೇಕು. ದಪ್ಪ ಬೆರಳು, ಸಣ್ಣ ಬೆರಳು, ಸೊಟ್ಟ ಬೆರಳು. ನಿನ್ನವರಿಗೆ ಸ್ವಲ್ಪ ಸಡಿಲ ಆಗುತ್ತೆ. ಆಗಲಿ."

"ನನ್ನವರು ಅಂತ ಯಾರು ಹೇಳಿದ್ರು?"

ಅವನು ಒಲೆಯ ಕಡೆ ತಿರುಗಿದ. ಎಷ್ಟು ಗೊತ್ತಿದೆ ಇವನಿಗೆ ಎಂದು ಅವಳು ಬೆನ್ನನ್ನೇ ನೋಡಿದಳು. ಬೆನ್ನು ಏನೂ ಹೇಳಲಿಲ್ಲ.

ಪರೀಕ್ಷೆಗೆಂದು ತೆಗೆದ ಹೊಸ ಜೋಡಿ ಲೋಟ ಮನೆಗೆ ಬಂತು. ದೋಣಿಯವನು ಕುಡಿದ. ಹನಿ ಚೆಲ್ಲಲಿಲ್ಲ. ಕರಟದ ಹಾಗೆ ಇಲ್ಲ, ಕಿವಿ ಸ್ವಲ್ಪ ಸಡಿಲ, ಆದರೂ ಚೆಲ್ಲುವುದಿಲ್ಲ ಎಂದ. ಜೋಡಿಯ ಇನ್ನೊಂದನ್ನು ಬಲೆಯವಳು ಜಗಲಿಯ ಮೇಲೆ ಇಟ್ಟಿದ್ದಳು. ಹೊರಗೆ ಬಂದು ನೋಡಿದರೆ ಅದು ಇರಲಿಲ್ಲ.

ಅವಳು ಯೋಚಿಸಲೂ ಇಲ್ಲ. ನೇರವಾಗಿ ಹಿತ್ತಿಲಿಗೆ ಹೋಗಿ, ಒರಳಿನ ಮೇಲೆ ಹತ್ತಿ, ಗೋಡೆಯಾಚೆ ಇಣುಕಿದಳು. ಇಷ್ಟು ದಿನ ಬಣ್ಣದವಳು ಇಣುಕಿದ್ದಳು, ಈಗ ಇವಳು.

ಬಣ್ಣದವಳು ನೀಲಿ ಬಣ್ಣದ ಬಾನಿಯ ಪಕ್ಕದಲ್ಲಿ ನೆಲಕ್ಕೆ ಕೂತಿದ್ದಳು. ಸೆರಗಿನಿಂದ ಕೈ ಹೊರಗೆ ತೆಗೆದಿದ್ದಳು. ಮೊಣಕೈವರೆಗೂ ನೀಲಿಯಾದ ಆ ಕೈಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. ಕಿವಿಯೊಳಗೆ ಬೆರಳು ಸೇರಿಸಲು ಹೊತ್ತು ಹಿಡಿಯಿತು. ಸೇರಿದ ಮೇಲೆ ಎತ್ತಿದಳು. ನಡುಕ ನಿಂತಿತು. ಕಣ್ಣುಮುಚ್ಚಿ ಕುಡಿದಳು.

ಕಣ್ಣು ತೆರೆದಾಗ ಗೋಡೆಯ ಮೇಲೆ ಬಲೆಯವಳ ಮುಖವಿತ್ತು.

"ಕೋಲಿನವನಿಗೆ ಹೇಳಿದ್ದು ನಾನೇ ಅಕ್ಕ" ಎಂದಳು ಬಣ್ಣದವಳು.

"ಗೊತ್ತು."

"ನಿನ್ನ ಹತ್ತಿರ ಇದ್ದದ್ದು ಒಂದೇ. ಅದನ್ನ ಕೇಳೋಕಾಗುತ್ತಾ? ಕೇಳಿದರೂ ನನ್ನ ಕೈ ತೋರಿಸಬೇಕಾಗ್ತಿತ್ತು. ಕೈ ನಡುಗೋಳಿಗೆ ಯಾರು ಬಟ್ಟೆ ಕೊಡ್ತಾರೆ, ಬಣ್ಣ ಹರಡುತ್ತೆ ಅಂತ ತಿಳಿದರೆ? ಕೋಲಿನವನಿಗೆ ಹೇಳಿಬಿಟ್ಟರೆ ಲೋಟ ಎರಕದ ಮನೆಗೆ ಹೋಗುತ್ತೆ, ಹೋದರೆ ತುಂಬ ಆಗುತ್ತೆ, ತುಂಬ ಆದರೆ ನನಗೂ ಒಂದು ಸಿಗುತ್ತೆ ಅಂದುಕೊಂಡೆ."

"ಅವರು ಒಡೆದಿದ್ದರೆ?"

ಬಣ್ಣದವಳು ತಲೆ ತಗ್ಗಿಸಿದಳು. "ಆಗ ಇಬ್ಬರಿಗೂ ಇಲ್ಲ ಅಂತ ಅನ್ನಿಸಿತ್ತು. ಅದೂ ಪರವಾಗಿಲ್ಲ ಅನ್ನಿಸಿತ್ತು. ಅದು ತಪ್ಪು."

ಬಲೆಯವಳಿಗೆ ಬಯ್ಯಬೇಕೆನ್ನಿಸಿತು. ಗಂಡನ ಎದೆಯ ಬೊಬ್ಬೆಯ ವಿಷಯ ಹೇಳಿ ಚುಚ್ಚಬೇಕೆನ್ನಿಸಿತು. ಆದರೆ ಹೇಳಿದರೆ ಗಂಡನ ಗುಟ್ಟು ಹೋಗುತ್ತದೆ. ಅಷ್ಟರಲ್ಲಿ ನೆನಪಾಯಿತು, ಇವಳು ಮೊದಲ ದಿನವೇ ನೋಡಿದ್ದಾಳೆ. ನೋಡಿಯೂ ಇಷ್ಟು ದಿನ ದೋಣಿ ತುಂಬಿಯೇ ಹೋಗುತ್ತಿದೆ. ಇವಳು ಲೋಟದ ವಿಷಯ ಹೇಳಿದ್ದಳು, ಕೈಯ ವಿಷಯ ಯಾರಿಗೂ ಹೇಳಿರಲಿಲ್ಲ.

"ಹೇಗಿದೆ ಲೋಟ?" ಎಂದು ಕೇಳಿದಳು.

"ಚೆನ್ನಾಗಿದೆ. ಬಿಸಿ ಹಾಕಿದರೆ ಕಿವಿ ಸುಡುತ್ತೆ."

ಬಲೆಯವಳು ಮರುದಿನ ಎರಕದ ಮನೆಗೆ ಹೋಗಿ ಅದನ್ನು ಹೇಳಿದಳು. ಕಂಚಿನ ಕಿವಿಗೆ ಹುರಿ ಸುತ್ತಿದರು. ಆ ಹುರಿ ಸುತ್ತುವ ಕೆಲಸಕ್ಕೆ ಅವಳೂ ಬಣ್ಣದವಳೂ ಒಂದೇ ಚಾಪೆಯ ಮೇಲೆ ಕೂತರು. ಬಣ್ಣದವಳ ಹುರಿ ಸೊಟ್ಟಗೆ ಬರುತ್ತಿತ್ತು. ಬಲೆಯವಳು ಅದನ್ನು ಬಿಚ್ಚಿ ಸುತ್ತಿ ಕೊಡುತ್ತಿದ್ದಳು. ಒಮ್ಮೊಮ್ಮೆ ಬಲೆಯವಳು ಓರೆಗಣ್ಣಲ್ಲಿ ನೋಡುತ್ತಿದ್ದಳು. ಅಭ್ಯಾಸ ಬೇಗ ಹೋಗುವುದಿಲ್ಲ.

ಅಚ್ಚು ಸುಟ್ಟು ಲೋಟಗಳನ್ನು ತೆಗೆದ ದಿನ ಕೋಲಿನವನು ಕರಟ ಒಡೆಯಲು ಬಂದ. ದೋಣಿಯವನು ತಾನೇ ಒಡೆಯುತ್ತೇನೆ ಎಂದ. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಅವನ ಬೆರಳಿಗೆ ಬಿಗಿದ ಕಿವಿ ಬೆರಳನ್ನು ಬಿಡಲಿಲ್ಲ, ಬಲೆಯವಳು ಹುರಿ ಕತ್ತರಿಸಬೇಕಾಯಿತು. ಆಮೇಲೆ ಕಲ್ಲಿಗೆ ಹೊಡೆದ. ಒಡೆದ ಕರಟದಿಂದ ಗುಂಡುಕಲ್ಲುಗಳು ಉರುಳಿ ಹೋದವು. ಆ ಸಂಜೆ ಅವಳು ಅಡುಗೆ ಮಾಡಲಿಲ್ಲ, ಅವನು ಕೇಳಲೂ ಇಲ್ಲ.

ಲೋಟಗಳ ರಾಶಿಯನ್ನು ನದಿಯ ದಡದಲ್ಲಿ ಇಟ್ಟರು. ಜನ ಬಂದರು. ದೂರದಲ್ಲೇ ನಿಂತು ಒಬ್ಬರನ್ನೊಬ್ಬರು ನೋಡಿದರು. ಯಾರು ಮೊದಲು ಎತ್ತಿಕೊಳ್ಳುತ್ತಾರೆ ಎಂದು ನೋಡಿದರು. ಆಮೇಲೆ ಒಬ್ಬಳು ಬಂದು "ನಮ್ಮ ಮನೇಲಿ ಯಾರಿಗೂ ಏನೂ ಇಲ್ಲಪ್ಪ, ಚೆಂದ ಕಾಣುತ್ತೆ ಅಂತ" ಎಂದು ಒಂದು ಜೋಡಿ ಒಯ್ದಳು. ಇನ್ನೊಬ್ಬ "ಹೂವು ಇಡೋಕೆ" ಎಂದ. ಕೋಲಿನವನು ಮಾತೇ ಆಡದೆ ಒಂದು ಜೋಡಿಯನ್ನು ಕಂಬಳಿಯೊಳಗೆ ಸೇರಿಸಿಕೊಂಡ. ಸಂಜೆಯೊಳಗೆ ದಡ ಖಾಲಿಯಾಗಿತ್ತು. ಇಷ್ಟೊಂದು ಮನೆಗಳ ಕದಗಳ ಹಿಂದೆ ಇಷ್ಟೊಂದು ಕೈಗಳು ನಡುಗುತ್ತಿವೆಯೇ ಎಂದು ಬಲೆಯವಳು ಖಾಲಿ ಮರಳನ್ನು ನೋಡುತ್ತಾ ನಿಂತಳು. ಯಾರ ಹತ್ತಿರವೂ ಹೇಳಲಿಲ್ಲ.

ಬಿಸಿಲು ಜೋರಾಗಿದ್ದ ಒಂದು ಮಧ್ಯಾಹ್ನ ದೋಣಿ ತುಂಬ ಜನರಿದ್ದರು. ದೋಣಿ ಇನ್ನೂ ದಡ ಬಿಟ್ಟಿರಲಿಲ್ಲ. ಬಲೆಯವಳು ಆಚೆ ದಡದವರಿಗೆ ಬಲೆ ಕೊಡಲು ಅದೇ ದೋಣಿಯಲ್ಲಿ ಕೂತಿದ್ದಳು. ದೋಣಿಯವನಿಗೆ ಬಾಯಾರಿತ್ತು. ಅವನು ಹುಟ್ಟನ್ನು ಅಡ್ಡ ಇಟ್ಟ, ಹಲಗೆಯಡಿಯಿಂದ ಕಂಚಿನ ಲೋಟ ತೆಗೆದ, ಹೂಜಿಯಿಂದ ನೀರು ಬಗ್ಗಿಸಿಕೊಂಡ. ಹೂಜಿ ಹಿಡಿದ ಕೈ ನಡುಗಿತು. ಎಲ್ಲರಿಗೂ ಕಾಣುವಂತೆ ನಡುಗಿತು. ಬಲೆಯವಳು ಬೇಡ ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಲೋಟ ತುಂಬಿತ್ತು.

ಎಲ್ಲರ ಕಣ್ಣೂ ಲೋಟದ ಮೇಲೆ, ಲೋಟದಿಂದ ಕೈಯ ಮೇಲೆ, ಕೈಯಿಂದ ಪಕ್ಕದಲ್ಲೇ ನಿಂತಿದ್ದ ಜೋಡಿ ದೋಣಿಯ ಮೇಲೆ ಹೋಯಿತು. ಅದರಲ್ಲಿ ಜಾಗವಿತ್ತು. ಇಳಿದು ಅದನ್ನು ಹತ್ತಲು ಒಂದು ಹೆಜ್ಜೆ ಸಾಕಿತ್ತು.

ಅವನು ಕುಡಿದ. ನಿಧಾನವಾಗಿ, ಪೂರ್ತಿ ಕುಡಿದ.

ಮುಂದಿನ ಹಲಗೆಯ ಮೇಲೆ ಕೂತಿದ್ದ ಗಂಟುಮೂಟೆಯ ಹೆಂಗಸೊಬ್ಬಳು ತನ್ನ ಗಂಟು ಬಿಚ್ಚಿದಳು. ಒಳಗಿಂದ ಅಂಥದ್ದೇ ಲೋಟ ತೆಗೆದಳು. ಯಾರ ಮುಖವನ್ನೂ ನೋಡದೆ ಅದನ್ನು ಮುಂದೆ ಚಾಚಿ, "ನನಗೂ ಸ್ವಲ್ಪ ಹಾಕಪ್ಪಾ" ಎಂದಳು.

ದೋಣಿಯವನು ಹಾಕಿದ. ಸುರಿಯುವ ಕೈ ನಡುಗಿ ಅರ್ಧ ನೀರು ಅವಳ ಮಡಿಲಿಗೆ ಬಿತ್ತು. ಅವಳು ಸೆರಗು ಕೊಡವಿಕೊಂಡು ಉಳಿದದ್ದನ್ನು ಕುಡಿದಳು.

"ಹೊರಡಣ್ಣ, ಹೊತ್ತಾಯ್ತು" ಎಂದ ಹಿಂದಿನಿಂದ ಯಾರೋ.

ಯಾರೂ ಇಳಿಯಲಿಲ್ಲ. ಅವನು ಹುಟ್ಟು ಕೈಗೆ ತೆಗೆದುಕೊಂಡ.